ಊರೊಳಗಿನ ಹೆಜ್ಜಾರ್ಲೆ: ಕೊಕ್ಕರೆ ಬೆಳ್ಳೂರಿನ ರೈತರೂ ಹಕ್ಕಿಗಳ ಬಳಗವೂ

(ರೈತರ ತರಬೇತಿ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಪಾಠ)



ಹಕ್ಕಿ ಎಂದೊಡನೆ ರೈತನ ಕೈ ಕವಣೆಯ ಕಡೆಗೆ ಹೋಗುವುದು ಸಹಜ. ಹಾಲುಗಾಳಿನ ಜೋಳಕ್ಕೆ ಗಿಳಿ ಬೀಳುತ್ತದೆ, ತೆನೆ ಬಿಟ್ಟ ರಾಗಿಗೆ ಗುಬ್ಬಿ ಮುತ್ತುತ್ತದೆ, ಬಿತ್ತಿದ ಕಡಲೆಯನ್ನು ನವಿಲು ಕೆದಕುತ್ತದೆ. ಹೀಗಿರುವಾಗ ವರ್ಷದ ಏಳೆಂಟು ತಿಂಗಳು ನೂರಾರು ದೊಡ್ಡ ಹಕ್ಕಿಗಳನ್ನು ಮನೆಯ ಹಿತ್ತಿಲ ಮರದ ಮೇಲೆ ಇರಗೊಟ್ಟು, ಅವುಗಳ ವಾಸನೆಯನ್ನೂ ಗದ್ದಲವನ್ನೂ ಸಹಿಸಿಕೊಂಡು, ಆ ಮರದ ಫಸಲನ್ನೂ ಬಿಟ್ಟುಕೊಟ್ಟ ಒಂದು ಊರು ನಮ್ಮ ರಾಜ್ಯದಲ್ಲೇ ಇದೆ ಎಂದರೆ ಅದನ್ನು ವಿಚಾರಿಸಿ ನೋಡಬೇಕಾದದ್ದು ನ್ಯಾಯ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಅಂತಹ ಊರು. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ರುದ್ರಾಕ್ಷಿಪುರದ ಬಳಿ ದಕ್ಷಿಣಕ್ಕೆ ತಿರುಗಿ ಹನ್ನೆರಡು ಕಿಲೋಮೀಟರು ಹೋದರೆ ಸಿಗುತ್ತದೆ. ಸಮೀಪದಲ್ಲೇ ಶಿಂಷಾ ನದಿ. ಸುತ್ತ ರಾಗಿ, ಭತ್ತ, ಕಬ್ಬು, ಹಿಪ್ಪುನೇರಳೆ. ನೋಡುವುದಕ್ಕೆ ಮಂಡ್ಯ ಸೀಮೆಯ ಇತರ ಹಳ್ಳಿಗಳಿಗಿಂತ ಬೇರೆಯಾಗಿಲ್ಲ. ತಲೆ ಎತ್ತಿ ಹುಣಸೆ ಮರಗಳನ್ನು ನೋಡಿದಾಗ ಮಾತ್ರ ವ್ಯತ್ಯಾಸ ತಿಳಿಯುತ್ತದೆ.

ಈ ಮರಗಳಲ್ಲಿ ಗೂಡು ಕಟ್ಟುವ ಹಕ್ಕಿಗಳು ಮುಖ್ಯವಾಗಿ ಎರಡು. ಒಂದು ಹೆಜ್ಜಾರ್ಲೆ, ಅಂದರೆ ಚುಕ್ಕೆ ಕೊಕ್ಕಿನ ಪೆಲಿಕನ್. ಬೂದು ಬಿಳಿಯ ಮೈ, ಗಿಡ್ಡ ಕಾಲು, ಉದ್ದ ಕೊಕ್ಕಿನ ಕೆಳಗೆ ಜೋಲುವ ಚರ್ಮದ ಚೀಲ, ಮೇಲ್ಕೊಕ್ಕಿನ ಅಂಚಿನಲ್ಲಿ ಸಾಲು ಚುಕ್ಕೆ. ಇನ್ನೊಂದು ಬಣ್ಣದ ಕೊಕ್ಕರೆ. ಹಳದಿ ಕೊಕ್ಕು, ಉದ್ದ ಕಾಲು, ಬೆನ್ನಿನ ಹಿಂಭಾಗದ ಗರಿಗಳಲ್ಲಿ ಗುಲಾಬಿ ಬಣ್ಣ. ಎರಡಕ್ಕೂ ಪ್ರಧಾನ ಆಹಾರ ಮೀನು. ರೈತನ ಕಾಳಿಗೆ ಇವು ಬಾಯಿ ಹಾಕುವುದಿಲ್ಲ ಎಂಬುದನ್ನು ಮೊದಲಿಗೇ ಸ್ಪಷ್ಟಪಡಿಸಬೇಕು. ಇವು ಸೈಬೀರಿಯಾದಿಂದಲೋ ಆಸ್ಟ್ರೇಲಿಯಾದಿಂದಲೋ ಬರುತ್ತವೆಂಬ ಮಾತು ಅಲ್ಲಲ್ಲಿ ಕೇಳಿಬರುತ್ತದೆ. ಅದು ಸರಿಯಲ್ಲ. ಇವು ಈ ನಾಡಿನವೇ. ನೀರು, ಮೀನು ಇರುವ ಕಡೆಗೆ ಋತುವಿಗೆ ತಕ್ಕಂತೆ ತಿರುಗಾಡಿಕೊಂಡಿದ್ದು ಮರಿ ಮಾಡುವ ಕಾಲಕ್ಕೆ ಗೊತ್ತಾದ ಮರಗಳಿಗೆ ಹಿಂದಿರುಗುತ್ತವೆ. ಅಕ್ಟೋಬರ್-ನವೆಂಬರಿನ ಹೊತ್ತಿಗೆ ಹೆಜ್ಜಾರ್ಲೆಗಳು ಬೆಳ್ಳೂರಿಗೆ ಬರತೊಡಗುತ್ತವೆ. ಮೇ ಕಳೆದು ಮುಂಗಾರು ಹತ್ತಿರವಾಗುವ ವೇಳೆಗೆ ಮರಿಗಳೊಡನೆ ಹೊರಟು ಹೋಗುತ್ತವೆ.

ಬೆಳ್ಳೂರಿನ ಹಿರಿಯರು ಇದನ್ನು ಬೇರೆಯ ರೀತಿಯಲ್ಲಿ ಹೇಳುತ್ತಾರೆ. ಹೆರಿಗೆಗೆಂದು ತವರಿಗೆ ಬಂದ ಮಗಳನ್ನು ಹೊರಗೆ ಹಾಕುವುದುಂಟೇ ಎಂಬುದು ಅವರ ಪ್ರಶ್ನೆ. ಹಿಂದೆ ಊರು ಶಿಂಷಾ ನದಿಯ ದಂಡೆಯ ಮೇಲೆ ಇತ್ತಂತೆ. ಸುಮಾರು ನೂರು ವರ್ಷಗಳ ಹಿಂದೆ ಪ್ಲೇಗಿನ ಭಯದಿಂದ ಜನ ಅಲ್ಲಿಂದ ಎದ್ದು ಈಗಿನ ಸ್ಥಳಕ್ಕೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವಂತೆ. ಈ ಕಥೆಯನ್ನು ಊರಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಹಕ್ಕಿ ಜನರ ಹಿಂದೆ ಬಂತೋ, ಜನರು ನೆಟ್ಟ ಮರದ ಹಿಂದೆ ಬಂತೋ ಎಂದು ಕೇಳಬಹುದು. ಆದರೆ ಮನುಷ್ಯರು ಓಡಾಡುವ ಕಡೆ ಹದ್ದು, ಕೋತಿಗಳ ಕಾಟ ಕಡಿಮೆ ಎಂಬುದನ್ನು ಯೋಚಿಸಿದರೆ ಕಥೆಯಲ್ಲಿ ತಿರುಳಿಲ್ಲದೇ ಇಲ್ಲ.

ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಎಲ್ಲರಿಗೂ ಗೊತ್ತು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯ ಮೇರೆಗೆ ಮೈಸೂರು ಸಂಸ್ಥಾನವು 1940ರಲ್ಲಿ ಅದನ್ನು ಪಕ್ಷಿಧಾಮವೆಂದು ಘೋಷಿಸಿತು. ಆದರೆ ರಂಗನತಿಟ್ಟು ಹೊಳೆಯ ನಡುವಿನ ನಡುಗಡ್ಡೆ. ಅಲ್ಲಿ ಕಾವೇರಿಯ ನೀರೇ ಕಾವಲು. ಬೆಳ್ಳೂರಿನಲ್ಲಿ ಅಂಥ ಬೇಲಿ ಇಲ್ಲ. ಮರ ಒಬ್ಬರದು, ನೆಲ ಒಬ್ಬರದು, ಕೆಳಗೆ ಹುಲ್ಲಿನ ಬಣವೆ ಇನ್ನೊಬ್ಬರದು. ಹೊರಗಿನ ವಿದ್ವಾಂಸರಿಗೆ ಈ ಊರಿನ ಸಂಗತಿ ವಿವರವಾಗಿ ತಿಳಿದದ್ದು 1970ರ ದಶಕದಲ್ಲಿ, ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಬೊಂಬಾಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದ ಮೇಲೆ. ಆನಂತರ ಅರಣ್ಯ ಇಲಾಖೆಯು ಹಕ್ಕಿ ಗೂಡು ಕಟ್ಟುವ ಮರಗಳ ಒಡೆಯರಿಗೆ ಫಸಲಿನ ನಷ್ಟದ ಬಾಬ್ತು ಹಣ ಕೊಡುವ ಏರ್ಪಾಡು ಮಾಡಿತು.

ಈ ನಷ್ಟ ಎಂಥದು ಎಂಬುದನ್ನು ರೈತರಾದ ತಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹುಣಸೆ ಹಣ್ಣಾಗುವುದು ಜನವರಿಯಿಂದ ಏಪ್ರಿಲ್‌ವರೆಗೆ. ಗೂಡಿನಲ್ಲಿ ಮೊಟ್ಟೆ, ಮರಿ ಇರುವುದೂ ಅದೇ ತಿಂಗಳುಗಳಲ್ಲಿ. ಮರ ಹತ್ತಿ ಕೊಂಬೆ ಅಲುಗಿಸಿದರೆ ಗೂಡು ಉರುಳುತ್ತದೆ. ಆದುದರಿಂದ ಹಣ್ಣನ್ನು ಮರದಲ್ಲೇ ಬಿಡಬೇಕು. ಬಿದ್ದದ್ದನ್ನು ಆಯ್ದರೂ ಹಿಕ್ಕೆ ಮೆತ್ತಿದ ಹಣ್ಣಿಗೆ ಬೆಲೆ ಇಲ್ಲ. ಹಿಕ್ಕೆಯ ಖಾರಕ್ಕೆ ಎಲೆ ಸೀದು ಕೊಂಬೆಗಳು ಸುಣ್ಣ ಬಳಿದಂತೆ ಕಾಣುತ್ತವೆ. ಮಳೆ ಬಿದ್ದು ತೊಳೆದ ಮೇಲೆ ಬಹುಪಾಲು ಮರಗಳು ಮತ್ತೆ ಚಿಗುರುತ್ತವೆಯಾದರೂ ಆ ವರ್ಷದ ಇಳುವರಿ ಹೋದಂತೆಯೇ ಲೆಕ್ಕ. ಇಷ್ಟರ ಮೇಲೆ, ಬಲಿತ ಹುಣಸೆ ಮರದ ಸೌದೆಗೆ ಇಟ್ಟಿಗೆ ಗೂಡಿನವರು ಸದಾ ಗಿರಾಕಿಗಳು. ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಹಣ ಬೇಕಾದವನಿಗೆ ಮರವೇ ಬ್ಯಾಂಕು. ಇಂಥ ಒಂದು ಮರ ಉರುಳಿದರೆ ಹತ್ತಾರು ಗೂಡುಗಳ ನೆಲೆ ಹೋಗುತ್ತದೆ. ಪರಿಹಾರದ ಹಣ ಮರದ ನಿಜವಾದ ಆದಾಯಕ್ಕೆ ಹತ್ತಿರವಾಗಿರಬೇಕು, ವರ್ಷ ವರ್ಷ ತಪ್ಪದೆ ಸಕಾಲಕ್ಕೆ ಕೈಸೇರಬೇಕು. ಕೇವಲ ಭಕ್ತಿಯ ಮೇಲೆ ಭಾರ ಹಾಕಿ ಕುಳಿತರೆ ಹಕ್ಕಿಯೂ ಉಳಿಯದು, ಭಕ್ತಿಯೂ ಉಳಿಯದು. ಮರವಿಲ್ಲದ ಬಡವನ ಮಾತನ್ನೂ ಇಲ್ಲಿ ಮರೆಯುವಂತಿಲ್ಲ. ನೆರೆಯ ಮರದ ಹಕ್ಕಿ ಅವನ ಮಾಡಿನ ಮೇಲೆ ಹಿಕ್ಕೆ ಹಾಕುತ್ತದೆ. ಅವನಿಗೆ ಪರಿಹಾರವೂ ಇಲ್ಲ, ಗೊಬ್ಬರವೂ ಇಲ್ಲ.

ಗೊಬ್ಬರದ ಮಾತು ಬಂದುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಹಕ್ಕಿಗೂ ಒಕ್ಕಲಿಗೂ ನಡುವಿನ ನಂಟು ಇರುವುದೇ ಅಲ್ಲಿ. ಬೆಳ್ಳೂರಿನ ರೈತರು ಗೂಡಿರುವ ಮರದ ಕೆಳಗೆ ತಗ್ಗು ತೆಗೆದು ಕೆರೆಯ ಗೋಡು ತಂದು ಹರಡುತ್ತಾರೆ. ಮೇಲಿನಿಂದ ಬಿದ್ದ ಹಿಕ್ಕೆ, ಮೀನಿನ ಚೂರು, ಎಲೆ, ಕಡ್ಡಿ ಎಲ್ಲವೂ ಅದರೊಳಗೆ ಬೆರೆಯುತ್ತವೆ. ಹಕ್ಕಿ ಹೋದ ಮೇಲೆ ಅದನ್ನು ಕೆತ್ತಿ ಗಾಡಿಗೆ ತುಂಬಿ ಹೊಲಕ್ಕೆ ಸಾಗಿಸುತ್ತಾರೆ. ಯಾವ ಪುಸ್ತಕವನ್ನೂ ಓದದೆ ರೂಢಿಯಿಂದ ಬಂದ ಈ ಕ್ರಮ ಬೇಸಾಯ ಶಾಸ್ತ್ರದ ದೃಷ್ಟಿಯಿಂದ ಬಹಳ ಸರಿಯಾದದ್ದು.

ಹೇಗೆಂದರೆ, ಹಕ್ಕಿಗೆ ದನದಂತೆ ಪ್ರತ್ಯೇಕ ಮೂತ್ರವಿಲ್ಲ. ದೇಹದ ಸಾರಜನಕದ ಕಶ್ಮಲವೆಲ್ಲ ಯೂರಿಕ್ ಆಮ್ಲದ ರೂಪದಲ್ಲಿ ಹಿಕ್ಕೆಯೊಡನೆಯೇ ಹೊರಬರುತ್ತದೆ. ಹಿಕ್ಕೆಯಲ್ಲಿ ಕಾಣುವ ಬಿಳಿಯ ಭಾಗ ಅದೇ. ಹೀಗಾಗಿ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ನೂರಕ್ಕೆ ಅರ್ಧ ಭಾಗದಷ್ಟಿದ್ದರೆ ಕೋಳಿ ಗೊಬ್ಬರದಲ್ಲಿ ಸುಮಾರು ಮೂರು ಭಾಗದಷ್ಟು ಇರುತ್ತದೆ. ಮೀನು ತಿನ್ನುವ ಹಕ್ಕಿಯ ಹಿಕ್ಕೆಯಲ್ಲಿ ಇದರ ಜೊತೆಗೆ ಮೀನಿನ ಮುಳ್ಳಿನಿಂದ ಬಂದ ರಂಜಕ ಮತ್ತು ಸುಣ್ಣದ ಅಂಶವೂ ಸೇರಿರುತ್ತದೆ. ಆದರೆ ಈ ಸಾರಜನಕ ನಿಲ್ಲುವಂಥದಲ್ಲ. ತೇವ ಮತ್ತು ಶಾಖ ತಗುಲಿದೊಡನೆ ಯೂರಿಕ್ ಆಮ್ಲ ಒಡೆದು ಅಮೋನಿಯ ಆಗಿ ಗಾಳಿಗೆ ಹಾರಿಹೋಗುತ್ತದೆ. ಮರದ ಕೆಳಗೆ ನಿಂತವರ ಮೂಗಿಗೆ ಬಡಿಯುವ ಘಾಟು ಎಂದರೆ ರೈತನ ಗೊಬ್ಬರ ಆಕಾಶಕ್ಕೆ ಹೋಗುತ್ತಿರುವುದೇ. ಕೆರೆ ಗೋಡಿನ ಜೇಡಿ ಕಣಗಳು ಈ ಅಮೋನಿಯವನ್ನು ಹಿಡಿದಿಟ್ಟುಕೊಳ್ಳುತ್ತವೆ. ಬರಿ ಮರಳು ಹರಡಿದರೆ ಈ ಪ್ರಯೋಜನವಿಲ್ಲ. ಒಲೆಯ ಬೂದಿಯನ್ನಾಗಲಿ ಸುಣ್ಣವನ್ನಾಗಲಿ ಇದಕ್ಕೆ ಬೆರೆಸಲೇ ಕೂಡದು. ಕ್ಷಾರ ಸೇರಿದರೆ ಅಮೋನಿಯ ಇನ್ನೂ ಬೇಗ ಹಾರುತ್ತದೆ. ವಾಸನೆ ಹೋಗಲೆಂದು ಬೂದಿ ಎರಚುವ ಅಭ್ಯಾಸ ಕೆಲವರಲ್ಲಿದೆ. ವಾಸನೆ ಹೋಗುವುದು ನಿಜ, ಗೊಬ್ಬರವೂ ಅದರೊಡನೆ ಹೋಗುತ್ತದೆ.

ಗೋಡನ್ನು ನಾಲ್ಕು ಬೆರಳು ದಪ್ಪ ಹರಡಿ, ಮೇಲೆ ಹಿಕ್ಕೆ ಬಿಳಿಯಾಗಿ ಕಟ್ಟಿಕೊಂಡಾಗ ಮತ್ತೊಂದು ಪದರ ಹಾಕುವುದು ಉತ್ತಮ. ಹಕ್ಕಿ ಹೊರಟ ಮೇಲೆ ಮೊದಲ ದೊಡ್ಡ ಮಳೆಗೆ ಮುಂಚೆ ಅದನ್ನು ಎತ್ತಬೇಕು. ತಡಮಾಡಿದರೆ ಸಾರವೆಲ್ಲ ಚರಂಡಿಯ ಪಾಲು. ಹಕ್ಕಿಗಳ ನಿರ್ಗಮನವೂ ಮಳೆಯಾಶ್ರಿತ ರಾಗಿಗೆ ಹೊಲ ಹಸನು ಮಾಡುವ ಕಾಲವೂ ಒಂದರ ಹಿಂದೆ ಒಂದು ಬರುವುದು ಈ ಸೀಮೆಯ ಅದೃಷ್ಟ. ತಾಜಾ ಹಿಕ್ಕೆಯನ್ನು ನೇರವಾಗಿ ಪೈರಿನ ಬುಡಕ್ಕೆ ಹಾಕಿದರೆ ಎಳೆ ಬೇರು ಸೀಯುತ್ತದೆ. ಕೊಟ್ಟಿಗೆ ಗೊಬ್ಬರ, ಕಬ್ಬಿನ ತರಗು ಅಥವಾ ರಾಗಿ ಹುಲ್ಲಿನೊಡನೆ ರಾಶಿ ಹಾಕಿ, ಮಣ್ಣು ಮುಚ್ಚಿ ಕೊಳೆಸಿ, ಕಡೆಯ ಉಳುಮೆಯಲ್ಲಿ ಮಣ್ಣಿಗೆ ಬೆರೆಸುವುದು ಸರಿಯಾದ ವಿಧಾನ. ಇದನ್ನು ಹಾಕಿದ ಹೊಲಕ್ಕೆ ಯೂರಿಯಾವನ್ನೂ ಪೂರ್ತಿ ಹಾಕಿದರೆ ಭತ್ತವಾಗಲಿ ರಾಗಿಯಾಗಲಿ ಹುಲುಸಾಗಿ ಬೆಳೆದು ಬಾಗಿ ಬೀಳುವುದು ಖಂಡಿತ. ಮಣ್ಣು ಪರೀಕ್ಷೆ ಮಾಡಿಸಿ ಯೂರಿಯಾ ಇಳಿಸುವುದೇ ಜಾಣತನ. ಗೊಬ್ಬರ ಎತ್ತುವವರು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಪುಡಿ ಏಳದಂತೆ ನೀರು ಚಿಮುಕಿಸಿ, ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯುವುದನ್ನು ಅಲಕ್ಷಿಸಬಾರದು.

ಹಕ್ಕಿಯ ಗೊಬ್ಬರದ ಬೆಲೆ ಅರಿತವರು ಬೆಳ್ಳೂರಿನವರು ಮಾತ್ರವಲ್ಲ. ತಮಿಳುನಾಡಿನ ವೇಡಂತಾಂಗಲ್‌ನಲ್ಲಿ ಕೆರೆಯೊಳಗಿನ ಮರಗಳ ಹಕ್ಕಿಗಳಿಂದ ಕೆರೆ ನೀರೇ ಗೊಬ್ಬರದ ನೀರಾಗುತ್ತದೆಂದು ಕಂಡುಕೊಂಡ ರೈತರು, ಹದಿನೆಂಟನೆಯ ಶತಮಾನದ ಕೊನೆಯಲ್ಲೇ ಹಕ್ಕಿ ಹೊಡೆಯುವವರ ವಿರುದ್ಧ ಚೆಂಗಲ್ಪಟ್ಟಿನ ಇಂಗ್ಲಿಷ್ ಕಲೆಕ್ಟರರಿಂದ ಕೌಲು ಬರೆಸಿಕೊಂಡಿದ್ದರು.

ಇನ್ನು ಬಳಗದ ವಿಚಾರ. ನಂಬಿಕೆ ಹಳೆಯ ತಲೆಮಾರಿನದು. ಕಿರಿಯರು ಓದಿಗೆ, ಕೆಲಸಕ್ಕೆ ಪಟ್ಟಣದ ಕಡೆ ಮುಖ ಮಾಡಿದಾಗ ಅದು ತಾನಾಗಿ ಕೈದಾಟುತ್ತದೆಂದು ಹೇಳಲಾಗುವುದಿಲ್ಲ. ಇದನ್ನು ಗಮನಿಸಿ 1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ಪ್ರಕೃತಿ ಪ್ರೇಮಿಗಳ ಸಂಘವಾದ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಈ ಊರಿನಲ್ಲಿ ಕೆಲಸ ಆರಂಭಿಸಿತು. ಸಂಘದ ಕೆ. ಮನು ಅವರು ಊರಿನ ತರುಣರನ್ನು ಸೇರಿಸಿದರು. ಹೀಗೆ ಹುಟ್ಟಿದ್ದು ಹೆಜ್ಜಾರ್ಲೆ ಬಳಗ. ಹೊರಗಿನವರು ಬಂದು ಉಪದೇಶ ಮಾಡಿ ಹೋಗುವ ಬದಲು ಊರಿನ ಹುಡುಗರ ಕೈಗೇ ಕೆಲಸ ಕೊಟ್ಟದ್ದು ಇದರ ವಿಶೇಷ. ವಿಸ್ತರಣಾ ಕಾರ್ಯಕರ್ತರು ಇದನ್ನು ಗಮನಿಸತಕ್ಕದ್ದು.

ಆ ಕೆಲಸಗಳಲ್ಲಿ ಎದ್ದುಕಾಣುವುದು ಬಿದ್ದ ಮರಿಗಳ ಆರೈಕೆ. ಹೆಜ್ಜಾರ್ಲೆಯ ಗೂಡುಗಳು ಒಂದಕ್ಕೊಂದು ಒತ್ತಾಗಿ ಕೊಂಬೆಗಳ ತುದಿಯಲ್ಲಿರುತ್ತವೆ. ಗಾಳಿ ಬೀಸಿದಾಗಲೋ ಮರಿಗಳು ತಮ್ಮೊಳಗೆ ಕಚ್ಚಾಡಿದಾಗಲೋ ಒಂದೆರಡು ಕೆಳಗೆ ಉರುಳುತ್ತವೆ. ಮರಿಯು ತಾಯಿಯ ಗಂಟಲ ಚೀಲಕ್ಕೆ ತಲೆ ತೂರಿಸಿ ಮೀನು ತಿನ್ನಬೇಕಾದುದು ಗೂಡಿನಲ್ಲಿಯೇ. ನೆಲಕ್ಕೆ ಬಿದ್ದ ಮರಿಯನ್ನು ತಾಯಿ ತಂದೆ ಇಳಿದು ಬಂದು ಸಾಕುವುದಿಲ್ಲ. ನಾಯಿಯ ಬಾಯಿಗೆ ಸಿಕ್ಕದಿದ್ದರೆ ಹಸಿವಿನಿಂದ ಸಾಯುತ್ತದೆ. ಬಳಗದವರು ಇಂಥ ಮರಿಗಳನ್ನು ಎತ್ತಿ ತಂದು, ಬೇಲಿ ಕಟ್ಟಿದ ಆವರಣದಲ್ಲಿ ಬಿಟ್ಟು, ಕೆರೆಯ ಸಣ್ಣ ಮೀನು ಹಾಕಿ, ರೆಕ್ಕೆ ಬಲಿತು ಹಾರುವವರೆಗೆ ನೋಡಿಕೊಂಡರು. ಮೀನು ದಿನವೂ ಬೇಕು. ಹಬ್ಬ ಎಂದರೂ ಮರಿ ಬಿಡುವುದಿಲ್ಲ, ಸುಗ್ಗಿ ಎಂದರೂ ಬಿಡುವುದಿಲ್ಲ. ಶಾಲೆಯ ಮಕ್ಕಳು ಈ ಆವರಣದ ಸುತ್ತ ನಿಂತು ನೋಡುತ್ತಿದ್ದರು. ಎಷ್ಟು ಮರಿ ಬದುಕಿ ಹಾರಿದವು ಎಂಬ ಲೆಕ್ಕಕ್ಕಿಂತ, ಹಾರಿದ ಮರಿಯನ್ನು ತಾನೇ ಮೀನು ಹಾಕಿ ಬೆಳೆಸಿದ್ದೆಂದು ಹೇಳುವ ಹುಡುಗರು ಊರಿನಲ್ಲಿ ತಯಾರಾದದ್ದು ದೊಡ್ಡ ಲಾಭ. ಮುಂದೆ ತನ್ನ ತಂದೆ ಮರ ಮಾರಲು ಹೊರಟಾಗ ಅಡ್ಡ ಬರುವವನು ಆ ಹುಡುಗನೇ ಹೊರತು ಸರ್ಕಾರದ ಫಲಕವಲ್ಲ. ಗೂಡುಗಳ ಎಣಿಕೆ, ಸಸಿ ನೆಡುವುದು, ಮರದ ಒಡೆಯರ ಜೊತೆ ಮಾತುಕತೆ ಇವೂ ಬಳಗದ ಕಾರ್ಯಕ್ರಮದಲ್ಲಿ ಸೇರಿದ್ದವು.

2007ರಲ್ಲಿ ಸರ್ಕಾರ ಕೊಕ್ಕರೆ ಬೆಳ್ಳೂರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯಿಂದ ಬಂದ ವ್ಯವಸ್ಥೆ ಇದು. ಅಭಯಾರಣ್ಯ ಎಂದರೆ ಜಮೀನು ಹೋಯಿತೆಂದು ಹೆದರುವ ರೈತರಿದ್ದಾರೆ. ಸಮುದಾಯ ಮೀಸಲಿನಲ್ಲಿ ಹಾಗಿಲ್ಲ. ಜನರೇ ಒಪ್ಪಿ ಮುಂದೆ ಬಂದ ಖಾಸಗಿ ಅಥವಾ ಸಮುದಾಯದ ಭೂಮಿಯನ್ನು ಹೀಗೆ ಘೋಷಿಸಲಾಗುತ್ತದೆ, ಒಡೆತನ ಅವರದೇ. ಪಂಚಾಯಿತಿಯ ಪ್ರತಿನಿಧಿಗಳೂ ಅರಣ್ಯ ಇಲಾಖೆಯವರೂ ಇರುವ ಸಮಿತಿ ಅದರ ಆಡಳಿತ ನೋಡಿಕೊಳ್ಳಬೇಕು. ಭೂಮಿಯ ಬಳಕೆಯ ರೀತಿಯನ್ನು ಬದಲಿಸಬೇಕಾದರೆ ಮಾತ್ರ ಸಮಿತಿಯ ನಿರ್ಣಯ ಮತ್ತು ಸರ್ಕಾರದ ಒಪ್ಪಿಗೆ ಬೇಕು. ಸಮಿತಿ ಕೂಡದಿದ್ದರೆ ಕಾಯಿದೆ ಕಾಗದದಲ್ಲಿ ಉಳಿಯುತ್ತದೆ ಎಂಬುದು ಸಹಕಾರ ಸಂಘ ನಡೆಸಿದ ಯಾರಿಗೂ ಹೊಸ ಮಾತಲ್ಲ.

ಮರ ಉಳಿದರೂ ಸಾಲದು. ಬೆಳ್ಳೂರಿನ ಹಕ್ಕಿ ಮಲಗುವುದು ಊರಿನಲ್ಲಿ, ಉಣ್ಣುವುದು ತೈಲೂರು ಕೆರೆ, ಮದ್ದೂರು ಕೆರೆ, ಸೂಳೆಕೆರೆ, ಶಿಂಷಾ ನದಿ ಮುಂತಾದ ಕಡೆ. ಬಿಸಿಲೇರಿ ನೆಲ ಕಾದು ಗಾಳಿ ಮೇಲಕ್ಕೇಳತೊಡಗಿದ ಮೇಲೆ ಹೆಜ್ಜಾರ್ಲೆಗಳು ಆ ಗಾಳಿಯ ಮೇಲೆ ಸುತ್ತುತ್ತ ಏರಿ, ರೆಕ್ಕೆ ಬಡಿಯದೆ ಬಹುದೂರ ತೇಲಿ ಹೋಗುತ್ತವೆ. ಅಂದಮೇಲೆ ಹತ್ತಾರು ಮೈಲಿ ದೂರದ ಕೆರೆಯ ರೈತನ ಕೈಯಲ್ಲೂ ಬೆಳ್ಳೂರಿನ ಗೂಡಿನ ಭವಿಷ್ಯ ಇದೆ. 2017ರ ಕೊನೆಯಿಂದ 2018ರ ಮೊದಲ ತಿಂಗಳುಗಳವರೆಗೆ ಇಲ್ಲಿ ಹೆಜ್ಜಾರ್ಲೆಗಳು ಒಂದಾದ ಮೇಲೊಂದು ಸತ್ತು ಬಿದ್ದವು. ಪರೀಕ್ಷಿಸಿದಾಗ ಅವುಗಳ ಹೊಟ್ಟೆಯಲ್ಲಿ ದುಂಡುಹುಳುಗಳ ಬಾಧೆ ಕಂಡುಬಂತು. ಈ ಜಾತಿಯ ಹುಳು ಹಕ್ಕಿಗೆ ಬರುವುದು ಮೀನಿನ ಮೂಲಕ. ನೀರು ಕೊಳೆತ ಕೆರೆ, ಒತ್ತಾಗಿ ತುಂಬಿದ ಮೀನು ಇವು ಇಂಥ ರೋಗಕ್ಕೆ ಅನುಕೂಲ.

ಪೀಡೆನಾಶಕದ ವಿಷಯದಲ್ಲಿ ಹಕ್ಕಿಯ ಅನುಭವ ಇನ್ನೂ ಹಳೆಯದು. ಅಮೆರಿಕದ ಕ್ಯಾಲಿಫೋರ್ನಿಯಾ ತೀರದಲ್ಲಿ 1970ರ ಸುಮಾರಿಗೆ ಕಂದು ಹೆಜ್ಜಾರ್ಲೆಗಳ ಮೊಟ್ಟೆಯ ಚಿಪ್ಪು ತೆಳುವಾಗಿ, ಕಾವು ಕೂರುವ ತಾಯಿಯ ಭಾರಕ್ಕೇ ಒಡೆದು ಹೋದವು. ಮೀನಿನ ಕೊಬ್ಬಿನಲ್ಲಿ ಶೇಖರವಾಗಿದ್ದ ಡಿ.ಡಿ.ಟಿ. ಇದಕ್ಕೆ ಕಾರಣವೆಂದು ಸಿದ್ಧವಾಯಿತು. 1972ರಲ್ಲಿ ಆ ದೇಶ ಡಿ.ಡಿ.ಟಿ.ಯನ್ನು ನಿಷೇಧಿಸಿತು; ಆಮೇಲೆ ಹಕ್ಕಿಗಳು ಚೇತರಿಸಿಕೊಂಡವು. ನಮ್ಮಲ್ಲಿ ಎಂಡೋಸಲ್ಫಾನ್ 2011ರಲ್ಲಿ ನಿಂತಿತು. ಒಂದು ಕಾಲಕ್ಕೆ ಭತ್ತ, ಕಬ್ಬಿನ ಗದ್ದೆಗಳಲ್ಲಿ ಧಾರಾಳವಾಗಿ ಎರಚುತ್ತಿದ್ದ ಫೋರೇಟ್ ಹರಳಿನ ಬಳಕೆಗೂ 2020ರ ಕೊನೆಯಲ್ಲಿ ನಿಷೇಧ ಬಂದಿತು. ಹಳೆಯ ದಾಸ್ತಾನು ಯಾರ ಅಟ್ಟದಲ್ಲಾದರೂ ಉಳಿದಿದ್ದರೆ ಅದನ್ನು ಗದ್ದೆಗೂ ಹಾಕಬಾರದು, ಹಳ್ಳಕ್ಕೂ ಸುರಿಯಬಾರದು. ಕೃಷಿ ಇಲಾಖೆಯವರಿಗೆ ತಿಳಿಸಬೇಕು. ಈಗ ಬಳಕೆಯಲ್ಲಿರುವ ಔಷಧಿಗಳನ್ನು ಸಿಂಪಡಿಸಿದ ಮೇಲೆ ಗದ್ದೆಯ ನೀರನ್ನು ಕೆಲ ದಿನ ಹೊರಬಿಡದಿರುವುದು, ಸಿಂಪರಣೆಯ ಡಬ್ಬಿಯನ್ನು ಕೆರೆಯಲ್ಲಿ ತೊಳೆಯದಿರುವುದು ಇವೆರಡನ್ನು ಪಾಲಿಸಿದರೂ ಕೆರೆಗೆ ಎಷ್ಟೋ ಉಪಕಾರ.

ಕೆರೆಯ ಹೂಳೆತ್ತುವಾಗಲೂ ಒಂದು ಎಚ್ಚರ ಬೇಕು. ಯಂತ್ರ ತಂದು ಅಂಚಿನಿಂದಲೇ ಗೋಡೆಯಂತೆ ಕಡಿದು ಬಾಣಲೆ ಮಾಡಿಬಿಟ್ಟರೆ ನೀರು ಹೆಚ್ಚು ನಿಲ್ಲಬಹುದು, ಕೊಕ್ಕರೆಗೆ ಮಾತ್ರ ಊಟವಿಲ್ಲ. ಹೆಜ್ಜಾರ್ಲೆ ಈಜಿ ಹಿಡಿಯುತ್ತದೆ. ಬಣ್ಣದ ಕೊಕ್ಕರೆಯಾದರೋ ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತ, ತೆರೆದ ಕೊಕ್ಕನ್ನು ನೀರಿನಲ್ಲಿ ಆಡಿಸುತ್ತ, ಮೀನು ತಾಗಿದಾಗ ತಟ್ಟನೆ ಮುಚ್ಚಿ ಹಿಡಿಯುತ್ತದೆ. ಆದ್ದರಿಂದ ಕೆರೆಯ ಹಿನ್ನೀರಿನ ಒಂದು ಕಡೆಯಾದರೂ ಇಳಿಜಾರಾಗಿ ತೆಳು ನೀರು ನಿಲ್ಲುವಂತೆ ಬಿಡಬೇಕು. ದನಗಳು ನೀರಿಗಿಳಿಯುವುದಕ್ಕೂ ಅದೇ ಬೇಕಲ್ಲವೇ.

ತಮ್ಮ ಊರಿನಲ್ಲೂ ಇಂಥ ಹಕ್ಕಿಗಳ ಗೂಡು ಇದ್ದರೆ, ಬಿದ್ದ ಮರಿ ಕಂಡಾಗ ಅದರ ಬಾಯಿಗೆ ನೀರು ಹೊಯ್ಯುವುದು ಬೇಡ; ಶ್ವಾಸಕೋಶಕ್ಕೆ ಇಳಿದು ಸಾಯುತ್ತದೆ. ಹಳೆಯ ಬಟ್ಟೆ ಮುಚ್ಚಿ ನೆರಳಿನಲ್ಲಿಟ್ಟು ಅರಣ್ಯ ಇಲಾಖೆಗೆ ತಿಳಿಸುವುದು ಸರಿ. ಮನೆಯಲ್ಲಿಟ್ಟು ಸಾಕಲು ಕಾನೂನಿನ ಅಡ್ಡಿ ಇದೆ. ಸಸಿ ನೆಡುವವರು ಮುಂಗಾರು ಹಿಡಿದ ಮೇಲೆ ಜೂನ್-ಜುಲೈ ತಿಂಗಳಲ್ಲಿ, ವಿದ್ಯುತ್ ತಂತಿಯಿಂದ ದೂರದಲ್ಲಿ, ಮರದಿಂದ ಮರಕ್ಕೆ ಕನಿಷ್ಠ ಮೂವತ್ತು ಅಡಿ ಬಿಟ್ಟು ಹುಣಸೆ, ಅತ್ತಿ, ಅರಳಿ, ಬೇವು ಹಾಕಬಹುದು. ಮೊದಲ ಮೂರು ವರ್ಷ ಆಡಿನ ಬಾಯಿಂದ ಕಾಪಾಡಲು ಮುಳ್ಳಿನ ಬೇಲಿ ಅಗತ್ಯ. ಹುಣಸೆ ಏಳರಿಂದ ಹತ್ತು ವರ್ಷಕ್ಕೆ ಕಾಯಿ ಬಿಡುತ್ತದೆ. ಹೆಜ್ಜಾರ್ಲೆಯ ಗೂಡು ಹೊರುವಷ್ಟು ಕೊಂಬೆ ಬಲಿಯಲು ಅದಕ್ಕಿಂತ ಬಹಳ ಹೆಚ್ಚು ಕಾಲ ಬೇಕು. ಅಲ್ಲಿಯವರೆಗೆ ಈಗ ನಿಂತಿರುವ ಮರಗಳೇ ಗತಿಯಾದ್ದರಿಂದ, ಗೂಡಿರುವ ಯಾವ ಮರ ಮಾರಾಟಕ್ಕೆ ಬಂದಿದೆ ಎಂಬುದನ್ನು ಪಂಚಾಯಿತಿ ಮುಂಗಡವಾಗಿ ತಿಳಿದು, ಗರಗಸ ಬರುವ ಮುನ್ನ ಒಡೆಯನನ್ನೂ ಇಲಾಖೆಯವರನ್ನೂ ಒಂದೇ ಕಡೆ ಕೂರಿಸಿ ಮಾತನಾಡಿಸಬೇಕು.